ಬುಡತ್ಲಾಗೆ ಮಗಾ

"ಒಂಥರಾ" ಅನ್ನೋ ಪದ ಇರದಿದ್ದರೆ ನನ್ನ ಅರ್ಧ ಜೀವನ ಯಾರಿಗೂ ಹೇಳೋಕೇ ಆಗ್ತಿರಲಿಲ್ಲ. ಏನಾಯ್ತು? ಒಂಥರಾ ಆಗ್ತಿದೆ. ಜ್ವರಾನಾ? ಅಲ್ಲ. ಯಾರಾದ್ರೂ ಏನಾದ್ರೂ ಅಂದ್ರಾ? ಇಲ್ಲಪ್ಪಾ, ಸುಮ್ನೆ ಒಂಥರಾ. ಕೇಳಿದವರಿಗೂ ಅರ್ಥವಾಗಿಬಿಡುತ್ತದೆ, ಮುಂದೆ ಕೇಳುವುದಿಲ್ಲ. ಅದೇ ಅದರ ಅನುಕೂಲ, ಅದೇ ತೊಂದರೆ ಕೂಡ.

ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ ಹಾಗೇ ಒಂಥರಾ ಆಗಿಯೇ ಎದ್ದೆ. ಎದ್ದೆ ಅನ್ನೋದು ದೊಡ್ಡ ಮಾತು. ಆರೂವರೆಗೆ ಎಚ್ಚರವಾಯಿತು, ಒಂಬತ್ತೂವರೆವರೆಗೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಹೊರಗೆ ಮೈಸೂರಿನ ಜನವರಿ ಬಿಸಿಲು ಎಷ್ಟು ಚೆನ್ನಾಗಿತ್ತು ಅಂದರೆ ಅದನ್ನು ನೋಡಿಯೇ ಇನ್ನಷ್ಟು ಬೇಜಾರಾಯಿತು. ಇಷ್ಟು ಒಳ್ಳೆ ದಿನವನ್ನೂ ದಂಡ ಮಾಡ್ತಿದೀಯಲ್ಲ ಅಂತ.

ಕಾರಣ ಹುಡುಕಿದರೆ ಒಂದು ಸಿಗುತ್ತದೆ. ಶುಕ್ರವಾರ ಆಫೀಸಿನಲ್ಲಿ ಜಿಎಸ್‌ಟಿ ಲೆಕ್ಕದಲ್ಲಿ ಒಂದೇ ಬಿಲ್ಲನ್ನು ಎರಡು ಸಲ ಸೇರಿಸಿದ್ದೆ. ರಿಟರ್ನ್ ಸಲ್ಲಿಸುವ ಮೊದಲೇ ಸಿಕ್ಕಿತು, ಹತ್ತು ನಿಮಿಷದಲ್ಲಿ ಸರಿ ಮಾಡಿದೆವು, ಯಾರೂ ಒಂದು ಮಾತೂ ಅನ್ನಲಿಲ್ಲ. ಆದರೆ ಅನ್ನುವವರು ತಲೆಯೊಳಗೇ ಇದ್ದಾರಲ್ಲ. ಒಂದು ಬಿಲ್ಲಿನಿಂದ ಶುರುವಾಗಿ, ನಿಂಗೆ ಗಮನವೇ ಇಲ್ಲ, ಇಪ್ಪತ್ತು ವರ್ಷ ಮಾಡಿದ ಕೆಲಸವೇ ಬರಲ್ಲ, ಮಗಳು ಫೋನ್ ಮಾಡೋದು ಕಡಿಮೆ ಮಾಡಿದ್ದೂ ಇದಕ್ಕೇ, ಅಂತ ಎಲ್ಲಿಂದೆಲ್ಲಿಗೋ ಹೋಗಿ, ಕೊನೆಗೆ ಬಂದು ನಿಲ್ಲೋದು ಒಂದೇ ಕಡೆ: ಅದು ಮತ್ತೆ ಬರ್ತಿದೆ.

"ಅದು" ಅಂದರೆ ಖಿನ್ನತೆ. 2019ರಲ್ಲಿ ಒಂದು ಸಲ ಬಂದಿತ್ತು, 2021ರಲ್ಲಿ ಇನ್ನೊಂದು ಸಲ. ಎರಡನೇ ಸಲ ಡಾಕ್ಟರ ಹತ್ತಿರ ಹೋದೆ, ಹತ್ತು ತಿಂಗಳು ಮಾತ್ರೆ ತಗೊಂಡೆ. ಮಾತ್ರೆಯಿಂದಲೇ ಎದ್ದು ಕೂತೆ, ಅದನ್ನು ಹೇಳೋಕೆ ನನಗೆ ಯಾವ ಸಂಕೋಚವೂ ಇಲ್ಲ. ಧ್ಯಾನ ಮಾಡಿದ್ರೆ ಮಾತ್ರೆ ಬೇಕಾಗಲ್ಲ ಅಂತ ಹೇಳುವವರು ಮದುವೆ ಮನೆಗಳಲ್ಲಿ ಈಗಲೂ ಸಿಗುತ್ತಾರೆ. ಊಟದ ಎಲೆ ಮುಂದೆ ಕೂತು ವಾದ ಮಾಡಬಾರದು ಅಂತ ಸುಮ್ಮನಿರುತ್ತೇನೆ.

ಮಾತ್ರೆ ನಿಲ್ಲಿಸುವ ಹೊತ್ತಿಗೆ ಕೌನ್ಸೆಲರ್ ಒಬ್ಬರು ಎಂಟು ವಾರದ ಅಭ್ಯಾಸಕ್ಕೆ ಸೇರಿಸಿದರು. ಮೈಂಡ್‌ಫುಲ್‌ನೆಸ್ ಅಂತ ಅವರೂ ಅಂದರು, ನಾವೂ ಅಂದೆವು. ಈಗ ಆಗ್ತಿರೋದನ್ನು ತಪ್ಪು-ಸರಿ ಅನ್ನದೆ ಗಮನಿಸೋದು ಅಂತ ಅರ್ಥ. ಸಾವಧಾನ ಅನ್ನಬಹುದಿತ್ತು, ಆದರೆ ಆ ಪದ ಮದುವೆ ಮಂಟಪದಲ್ಲೇ ಖರ್ಚಾಗಿ ಹೋಗಿದೆ. ಜಾನ್ ಕಬಾಟ್-ಜಿನ್ ಅನ್ನುವವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ವೈದ್ಯಕೀಯ ಕಾಲೇಜಿನಲ್ಲಿ, ದೀರ್ಘಕಾಲದ ನೋವು ಇರುವವರಿಗಾಗಿ ಶುರು ಮಾಡಿದ್ದಂತೆ ಇದು. ಆಮೇಲೆ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಅನ್ನೋ ಮೂವರು ಮನಶ್ಶಾಸ್ತ್ರಜ್ಞರು ಅದನ್ನೇ ಖಿನ್ನತೆಯಿಂದ ಎದ್ದವರಿಗೆ ಹೊಂದಿಸಿದರು. ಒಂದು ಸಲ ಬಿದ್ದವರಿಗೆ, ಮಾಮೂಲಿ ಬೇಜಾರು ಬಂದರೂ ಹಳೇ ಯೋಚನೆಗಳೆಲ್ಲ ಹಳೇ ಜಾಡು ಹಿಡಿದು ಎದ್ದು ಬರುತ್ತವೆ, ಬೇಜಾರಿಗಿಂತ ಆ ಜಾಡೇ ಅಪಾಯ ಅನ್ನೋದು ಅವರ ಲೆಕ್ಕ. ಇದನ್ನು ಕೇಳಿದ ದಿನ ನನಗೆ ಅಳು ಬಂತು. ಒಂದು ಬಿಲ್ಲಿಗೆ ಇಷ್ಟೆಲ್ಲ ಆಗೋದು ನನ್ನೊಬ್ಬಳ ಹುಚ್ಚಲ್ಲ ಅಂತ ಗೊತ್ತಾಗಿ. ಆದರೆ ಅವರ 2000ನೇ ಇಸವಿಯ ಅಧ್ಯಯನದಲ್ಲಿ ಪ್ರಯೋಜನ ಕಂಡಿದ್ದು ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದವರಿಗೆ. "ನಂಗೆ ಎರಡೇ ಸಲ ಮೇಡಂ, ಇದಕ್ಕೂ ನಾನು ಪಾಸಾಗಲ್ಲ" ಅಂದೆ. ಕೌನ್ಸೆಲರ್ ಜೋರಾಗಿ ನಕ್ಕರು.

ಮೊದಲ ತರಗತಿಯಲ್ಲಿ ಎಲ್ಲರ ಕೈಗೆ ಒಂದೊಂದು ಒಣದ್ರಾಕ್ಷಿ ಕೊಟ್ಟು, ಅದನ್ನೇ ನೋಡಿ, ಮೂಸಿ, ಸವರಿ, ನಿಧಾನವಾಗಿ ತಿನ್ನಿ ಅಂದರು. ಈ ದ್ರಾಕ್ಷಿ ಪಾಠ ಪ್ರಪಂಚದಲ್ಲೆಲ್ಲ ಇದೆಯಂತೆ. ನನಗೆ ತುಪ್ಪದಲ್ಲಿ ಹುರಿದು ಪಾಯಸಕ್ಕೆ ಹಾಕಿದ್ದಿದ್ದರೆ ಅನ್ನಿಸಿತು, ಅಷ್ಟೇ.

ನಿಜ ಹೇಳಬೇಕು ಅಂದರೆ ಎರಡು ವರ್ಷ ಈ ಅಭ್ಯಾಸವನ್ನೂ ಪರೀಕ್ಷೆ ಥರಾನೇ ಮಾಡಿದೆ. ಬೆಳಿಗ್ಗೆ ಹತ್ತು ನಿಮಿಷ ಉಸಿರು ಗಮನಿಸೋದು, ಗಮನ ಎಲ್ಲಿಗೋ ಹೋಗೋದು, ಥೂ ನಿನ್ನ ಜನ್ಮಕ್ಕೆ, ಉಸಿರಾಡೋಕೂ ಸರಿಯಾಗಿ ಬರಲ್ಲ ಅಂತ ಬೈದುಕೊಳ್ಳೋದು. ಗಮನ ಹೋಗೋದು ತಪ್ಪಲ್ಲ, ಹೋಯ್ತು ಅಂತ ಗೊತ್ತಾಗೋದೇ ಅಭ್ಯಾಸ ಅಂತ ಎಷ್ಟು ಸಲ ಹೇಳಿಸಿಕೊಂಡೆನೋ. ಕಿವಿಗೆ ಹೋಗಿತ್ತು, ಇಳಿದಿರಲಿಲ್ಲ.

ತಮ್ಮ ಮೇಲೆ ತಾವೇ ದಯೆ ಇಟ್ಟುಕೊಳ್ಳೋದಂತೂ ಇನ್ನೂ ಕಷ್ಟ. ಕ್ರಿಸ್ಟಿನ್ ನೆಫ್ ಅನ್ನೋ ಮನಶ್ಶಾಸ್ತ್ರಜ್ಞೆ ಅದನ್ನು ಮೂರು ಭಾಗ ಮಾಡಿದ್ದಾರೆ: ಆಗ್ತಿರೋದನ್ನು ಇದ್ದ ಹಾಗೆ ನೋಡೋದು, ಇದು ಎಲ್ಲ ಮನುಷ್ಯರಿಗೂ ಆಗೋದೇ ಅಂತ ನೆನಪಿಟ್ಟುಕೊಳ್ಳೋದು, ತನ್ನ ಜೊತೆ ಮೆತ್ತಗೆ ಮಾತಾಡೋದು. ಕೇಳೋಕೆ ಚೆನ್ನಾಗಿದೆ. ಆದರೆ ಮೆತ್ತಗೆ ಮಾತಾಡೋಕೆ ಅಂತ ಕೊಟ್ಟ ವಾಕ್ಯಗಳಿದ್ದವಲ್ಲ, "ನಾನು ನನ್ನನ್ನು ಪ್ರೀತಿಸುತ್ತೇನೆ", "ನಾನು ನನ್ನನ್ನು ಇದ್ದಂತೆಯೇ ಒಪ್ಪಿಕೊಳ್ಳುತ್ತೇನೆ" ಅಂತ, ಅವನ್ನು ಹೇಳಿಕೊಂಡರೆ ಡಬ್ಬಿಂಗ್ ಸೀರಿಯಲ್ಲಿನ ನಾಯಕಿ ನನ್ನೊಳಗೆ ಬಂದು ಕೂತ ಹಾಗೆ ಆಗುತ್ತಿತ್ತು. ನಮ್ಮ ಮನೆಯಲ್ಲಿ ಹಾಗೆ ಯಾರೂ ಯಾರಿಗೂ ಹೇಳಿದವರಲ್ಲ. ಬೈಗುಳ ಮಾತ್ರ ಅಚ್ಚ ಕನ್ನಡದಲ್ಲಿ ಬರುತ್ತಿತ್ತು, ಸಮಾಧಾನ ಇಂಗ್ಲಿಷಿನಿಂದ ಇಳಿದು ಬರಬೇಕಿತ್ತು. ಯಾವುದು ಗೆಲ್ಲುತ್ತದೆ ಹೇಳಿ?

ಆ ಭಾನುವಾರ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಮನೋಬಲ ಏನಲ್ಲ, ಅವರೆಕಾಳು. ಶನಿವಾರ ನಮ್ಮನೆಯವರು ದೇವರಾಜ ಮಾರ್ಕೆಟ್‌ನಿಂದ ಎರಡು ಕೆ.ಜಿ. ಅವರೆಕಾಯಿ ತಂದು, ಟಿವಿ ನೋಡುತ್ತಾ ಅಷ್ಟನ್ನೂ ಬಿಡಿಸಿ, ನೀರಿನಲ್ಲಿ ನೆನೆಹಾಕಿ ಮಲಗಿದ್ದರು. ಬೆಳಿಗ್ಗೆ ಅವು ಉಬ್ಬಿ ಪಾತ್ರೆ ತುಂಬಾ ಕೂತಿದ್ದವು. ಹಿತುಕದೇ ಬಿಟ್ಟರೆ ಸಂಜೆಗೆ ವಾಸನೆ ಬರುತ್ತದೆ. ಅಡುಗೆಮನೆ ಬಾಗಿಲ ಹತ್ತಿರ ಬಿಸಿಲು ಬೀಳುವ ಜಾಗದಲ್ಲಿ ಚಾಪೆ ಹಾಕಿ ಕೂತೆ, ಸ್ನಾನ ಇಲ್ಲ, ತಲೆ ಬಾಚಿಲ್ಲ.

ಹಿತುಕೋದು ಗೊತ್ತಲ್ವಾ? ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಂದು ಕಡೆ ಒತ್ತಿದರೆ ಪಚಕ್ ಅಂತ ಬೇಳೆ ಜಾರಿ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ, ಖಾಲಿ ಚೀಲದ ಹಾಗೆ. ಒತ್ತಿದ್ದು ಜಾಸ್ತಿಯಾದರೆ ಬೇಳೆ ಹಾರಿ ಗ್ಯಾಸ್ ಕಟ್ಟೆ ಕೆಳಗೆ ಹೋಗುತ್ತದೆ. ಬಲಿತ ಕಾಳಾದರೆ ಉಗುರು ತಾಗಿಸಬೇಕು. ಒಂದು, ಎರಡು, ಹತ್ತು. ಹದಿನೈದೋ ಹದಿನಾರೋ ಆಗುವಷ್ಟರಲ್ಲಿ ನಾನು ಮತ್ತೆ ಶುಕ್ರವಾರದ ಆಫೀಸಿನಲ್ಲಿದ್ದೆ. ಕೈ ನಿಂತಿತ್ತು. ಕೈ ನಿಂತಿದ್ದರಿಂದಲೇ ಗೊತ್ತಾಯಿತು. ಕಣ್ಣು ಮುಚ್ಚಿ ಉಸಿರು ನೋಡುವಾಗ ಈ ಅನುಕೂಲ ಇರಲಿಲ್ಲ, ಅಲ್ಲಿ ಹೋದರೆ ಹೋದೆ ಅಷ್ಟೇ. ಬೇಜಾರು ಜಾಸ್ತಿ ಇದ್ದಾಗ ಕಣ್ಣು ಮುಚ್ಚಿ ಕೂರೋದು ನನಗೆ ಈಗಲೂ ಆಗುವುದಿಲ್ಲ, ಒಳಗೆ ಇನ್ನೂ ಕತ್ತಲು ಅನ್ನಿಸುತ್ತದೆ. ಕೈಗೆ ಕೆಲಸ ಬೇಕು, ಕಣ್ಣು ತೆರೆದಿರಬೇಕು.

ವಾಪಸ್ ಕಾಳಿಗೆ ಬಂದೆ. ಮತ್ತೆ ಹೋದೆ. ಬಂದೆ. ಅವರೆಯ ಸೊಗಡು ಬೆರಳಿಗೆಲ್ಲ ಅಂಟಿತ್ತು. ಆ ವಾಸನೆಗೇ ಇರಬೇಕು, ಅಜ್ಜಿ ನೆನಪಾಯಿತು. ಪಾಂಡವಪುರದ ಕಡೆಯ ಹಳ್ಳಿಯ ಮನೆ, ಜಗಲಿ, ಮೊರ. ಏಳನೇ ಕ್ಲಾಸಿನಲ್ಲಿ ಗಣಿತದಲ್ಲಿ 9 ಅಂಕ ಬಂದು ಅಪ್ಪನಿಗೆ ಹೆದರಿ ನಾನು ಅವಳ ಹತ್ತಿರ ಓಡಿದ್ದೆ. (ಈಗ ಲೆಕ್ಕ ಬರೆದೇ ಸಂಬಳ ತಗೊಳ್ಳೋದು, ನಗಬೇಡಿ.) ಅವಳು ಅವರೆಕಾಳು ಹಿತುಕುತ್ತಾ ಇದ್ದಳು. ಕೈ ನಿಲ್ಲಿಸಲಿಲ್ಲ. "ಏನಾಯ್ತ್ ಮಗಾ? ಬಾ, ಕುಂತ್ಕೊ" ಅಂದಳು. ನಾನು ಹೇಳುವವರೆಗೂ ಕಾದಳು. ಪೂರ್ತಿ ಕೇಳಿದಳು. ಆಮೇಲೆ, "ನಿಂಗೊಬ್ಳಿಗೇಯಾ? ಎಲ್ರುಗೂ ಆಯ್ತದೆ ಕನ. ಬುಡತ್ಲಾಗೆ."

ನೆಫ್ ಹೇಳಿದ ಮೂರೂ ಅದರಲ್ಲಿದೆ ಅಂತ ಹೊಳೆದಾಗ ನನಗೆ ಚಾಪೆ ಮೇಲೆ ಕೂತಲ್ಲೇ ನಗು ಬಂತು. ಅಜ್ಜಿ ಋಷಿ ಏನಲ್ಲ, ಸೊಸೆಯಂದಿರನ್ನು ಅವಳು ಬೈಯುತ್ತಿದ್ದುದನ್ನು ಇಲ್ಲಿ ಬರೆಯೋಕಾಗಲ್ಲ. ಆದರೆ ಆ ಒಂದು ಸಲ ಅವಳು ಹೇಳಿದ ರೀತಿ ಇತ್ತಲ್ಲ, ಅದು ನನ್ನ ಕಿವಿಯಲ್ಲಿ ಹಾಗೇ ಉಳಿದಿತ್ತು.

ಒಂದು ವಿಷಯ ಇಲ್ಲಿ ಹೇಳಲೇಬೇಕು. "ಬಿಡು ಅತ್ಲಾಗೆ" ಅಂತ 2019ರಲ್ಲಿ ನನಗೆ ಹೇಳದವರೇ ಇರಲಿಲ್ಲ. ಬಿಡು, ಜಾಸ್ತಿ ಯೋಚನೆ ಮಾಡ್ಬೇಡ, ಎಲ್ಲರ ಮನೆ ದೋಸೇನೂ ತೂತೇ. ಅದನ್ನು ಕೇಳಿದಾಗಲೆಲ್ಲ ಬಾಗಿಲು ಹಾಕಿಕೊಂಡ ಸದ್ದು ಕೇಳಿಸುತ್ತಿತ್ತು. ಅವರು ಯಾರೂ "ಏನಾಯ್ತು, ಕೂತ್ಕೋ" ಅಂದಿರಲಿಲ್ಲ, ನೇರ ಕೊನೆಗೇ ಬಂದಿದ್ದರು. ನಾನೂ ನನಗೆ ಮಾಡುತ್ತಿದ್ದುದು ಅದನ್ನೇ. ಕೇಳದೇ ಬಿಡಿಸೋಕೆ ಹೋಗುತ್ತಿದ್ದೆ.

ಹಾಗಾಗಿ ಕೇಳಿದೆ. ಜೋರಾಗಿ ಏನಲ್ಲ, ಮನಸ್ಸಿನಲ್ಲೇ, ಅಜ್ಜಿಯ ಧಾಟಿಯಲ್ಲಿ: ಏನಾಯ್ತ್ ಮಗಾ? ಉತ್ತರ "ಒಂಥರಾ" ಅಂತಲೇ ಬಂತು. ಸರಿ, ಎಲ್ಲಿ? ಗಂಟಲ ಕೆಳಗೆ, ನೀರಿಲ್ಲದೆ ನುಂಗಿದ ಮಾತ್ರೆ ಅಲ್ಲೇ ನಿಂತ ಹಾಗೆ. ಬಲಗಡೆ ದವಡೆ ಬಿಗಿದಿತ್ತು, ಬಹುಶಃ ಶುಕ್ರವಾರದಿಂದಲೂ. ಹೊಟ್ಟೆಯಲ್ಲಿ ಭಯ, ಬೇಜಾರಲ್ಲ. ಅದು ಮತ್ತೆ ಬರುತ್ತದೇನೋ ಅನ್ನೋ ಭಯ. ಇಷ್ಟು ದಿನ ಬೇಜಾರು ಅಂದುಕೊಂಡಿದ್ದರಲ್ಲಿ ಮುಕ್ಕಾಲು ಪಾಲು ಭಯವೇ ಇತ್ತು. ಹೆದರಿದವಳನ್ನು ಸೋಮಾರಿ ಅಂತ ಬೈಯುತ್ತಾ ಕೂತಿದ್ದೆ ನಾನು. ಕುಂತ್ಕೊ ಮಗಾ ಅಂದೆ. ಕೂತೇ ಇದ್ದೆನಲ್ಲ, ಮತ್ತೆ ಕಾಳು ಹಿತುಕಿದೆ.

ಮುಗಿಯುವಷ್ಟರಲ್ಲಿ ಹನ್ನೆರಡು ಗಂಟೆ. ಬೇಜಾರು ಹೋಯಿತಾ ಅಂದರೆ, ಇಲ್ಲ. ಮಾತ್ರೆ ಗಂಟಲಲ್ಲೇ ಇತ್ತು, ಸ್ವಲ್ಪ ಕೆಳಗೆ ಜಾರಿತ್ತು ಅನ್ನಬಹುದು. ಸಾರಿಗೆ ಉಪ್ಪು ಹಾಕೋದು ಮರೆತೆ. ನೋಡು, ಇದೂ ಬರಲ್ಲ ಅಂತ ಒಳಗಿನವರು ಶುರು ಮಾಡಿದರು. ಉಪ್ಪು ಹಾಕಿದೆ. ಮುದ್ದೆ ಜೊತೆ ಇಬ್ಬರೂ ಎರಡೆರಡು ಸಲ ಬಡಿಸಿಕೊಂಡೆವು.

ಇಷ್ಟರ ಮೇಲೇ ಭಾರ ಹಾಕಿ ಕೂರಲಿಲ್ಲ. ಎರಡು ವಾರ ಬಿಡದೆ ಹೀಗೇ ಇದ್ದರೆ, ನಿದ್ದೆ ಊಟ ಕೆಟ್ಟರೆ, ಕಾಯಬೇಡಿ, ಬನ್ನಿ ಅಂತ ಡಾಕ್ಟರು ಹೇಳಿದ್ದಾರೆ. ಹಾಗಾಗಿ ಬೇಜಾರಿದ್ದ ದಿನಕ್ಕೊಂದು ಚುಕ್ಕಿ, ಎರಡು ವಾರ ಅಂದರೆ 14 ಚುಕ್ಕಿ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಆ ದಿನದ ಮೂಲೆಗೆ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟೆ. ಕೆಳಗೆ ಟೆಲಿ-ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರು, 14416, ಬರೆದಿದೆ, ಮಧ್ಯರಾತ್ರಿಯಲ್ಲೂ ಎತ್ತುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಗ್ಯಾಸ್ ಸಿಲಿಂಡರ್ ಬಂದ ದಿನವೂ ಹಾಲಿನ ಲೆಕ್ಕವೂ ಅದೇ ಹಾಳೆಯಲ್ಲಿ ಇವೆ.

ಸೋಮವಾರ ಚುಕ್ಕಿ ಇಟ್ಟೆ. ಮಂಗಳವಾರ, ಬುಧವಾರವೂ. ಗುರುವಾರದ್ದು ತುಂಬಾ ಸಣ್ಣದು. ಶುಕ್ರವಾರ ಇಡಲಿಲ್ಲ. ಮರೆತೆನೋ, ಬೇಕಾಗಲಿಲ್ಲವೋ, ಈಗ ನೆನಪಿಲ್ಲ. ಆ ದಿನ ಹಾಲು ಅರ್ಧ ಲೀಟರ್ ಜಾಸ್ತಿ ತಗೊಂಡಿದ್ದೆವು, ಅದು ಮಾತ್ರ ಬರೆದಿದೆ.