ನಿಮ್ಮ ಹತ್ರ ಹೇಳೋದನ್ನ ನಮ್ಮ ಹತ್ರ ಯಾಕೆ ಹೇಳಲ್ಲ?

ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ತಿಪಟೂರಿನ ಕಡೆ. 19 ವರ್ಷ ಆಯಿತು. ಇಷ್ಟು ವರ್ಷದಲ್ಲಿ ಮಕ್ಕಳ ತಂದೆತಾಯಿ ನನ್ನನ್ನು ಕನ್ನಡದ ಬಗ್ಗೆ ಕೇಳಿದ್ದು ತೀರಾ ಕಡಿಮೆ. ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಮಕ್ಕಳು ನಿಮ್ಮ ಹತ್ರ ಎಲ್ಲಾ ಹೇಳ್ಕೊತಾರಂತೆ. ನಮ್ಮ ಹತ್ರ ಯಾಕೆ ಏನೂ ಹೇಳಲ್ಲ?"

ಸ್ಟಾಫ್ ರೂಮಿನ ಬಾಗಿಲಲ್ಲಿ ಕೇಳಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ. ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತು, ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ ಕೇಳಿದ್ದಾರೆ. "ವಯಸ್ಸು ಹಾಗಿರುತ್ತೆ, ಸರಿಹೋಗ್ತಾರೆ ಬಿಡಿ" ಅಂದು ಮಾತು ಮುಗಿಸುತ್ತಿದ್ದೆ. ಅದು ಉತ್ತರ ಅಲ್ಲ ಅಂತ ನನಗೂ ಗೊತ್ತಿತ್ತು. ಈಗ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಖಾರ ಇರುತ್ತದೆ.

ಮೊದಲನೆಯದಾಗಿ, ನಿಮಗೆ ಹೇಳಿಲ್ಲ ಅನ್ನುವುದೇ ಸುಳ್ಳು. ನಿಮಗೇ ಮೊದಲು ಹೇಳಿರುತ್ತಾರೆ. ದೊಡ್ಡ ವಿಷಯ ಅಲ್ಲ, ಸಣ್ಣದು. "ಅಪ್ಪಾ, ಬಸ್ ಪಾಸ್ ಕಳ್ಕೊಂಡೆ." ಅಷ್ಟೇ. ಅದಕ್ಕೆ ಮನೆಯಲ್ಲಿ ಏನಾಗುತ್ತದೆ? ಎಲ್ಲಿ ಕಳೆದೆ, ಯಾರ ಜೊತೆ ಇದ್ದೆ, ಅವನ ಸಹವಾಸ ಬೇಡ ಅಂದಿರಲಿಲ್ವಾ, ಫೋನ್ ಜಾಸ್ತಿ ಆಯ್ತು ನಿಂದು, ಹೋದ ವರ್ಷ ವಾಚ್ ಕಳೆದೆ, ನಿಮ್ಮ ದೊಡ್ಡಪ್ಪನ ಮಗನ್ನ ನೋಡು. ಅರ್ಧ ಗಂಟೆ. ಬಸ್ ಪಾಸಿಗೇ ಅರ್ಧ ಗಂಟೆ ಆದರೆ ಫಿಸಿಕ್ಸಲ್ಲಿ ಹೋಗಿದ್ದಕ್ಕೆ ಎಷ್ಟು ಹೊತ್ತು? ಮ್ಯಾಥ್ಸಲ್ಲಿ ಎಷ್ಟೇ ಹಿಂದೆ ಇರುವ ಹುಡುಗನಿಗೂ ಈ ಲೆಕ್ಕ ಬರುತ್ತದೆ. ಅವನು ಅವತ್ತೇ ತೀರ್ಮಾನ ಮಾಡಿರುತ್ತಾನೆ. ನೀವು ಎರಡು ವರ್ಷ ಆದಮೇಲೆ ನನ್ನ ಹತ್ತಿರ ಬರುತ್ತೀರಿ.

ಬಂದವರಲ್ಲಿ ಕೆಲವರು ಇನ್ನೂ ಒಂದು ಮಾತು ಆಡುತ್ತಾರೆ. "ಸ್ವಲ್ಪ ಬಾಯಿ ಬಿಡಿಸಿ ಮೇಡಂ." ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಬಾಯಿ ಬಿಡಿಸುವುದು ಪೊಲೀಸ್ ಸ್ಟೇಷನ್ನಿನ ಮಾತು. ನಿಮ್ಮ ಮಗಳು ಏನು ಕದ್ದಿದ್ದಾಳೆ? ಆಮೇಲೆ, ನಾನು ಬಾಯಿ ಬಿಡಿಸಿ ನಿಮಗೆ ತಂದು ಒಪ್ಪಿಸಿದರೆ ನಾಳೆಯಿಂದ ಅವಳು ನನ್ನ ಹತ್ತಿರವೂ ಮಾತಾಡುವುದಿಲ್ಲ. ಆಗ ಅವಳ ಮಾತು ಕೇಳಲು ಯಾರು ಉಳಿದರು? ಅದಕ್ಕೆ ಮಕ್ಕಳು ಹೇಳಿದ್ದನ್ನು ನಾನು ಮನೆಗೆ ಸಾಗಿಸುವುದಿಲ್ಲ.

ಒಂದೇ ಒಂದು ಬಿಟ್ಟು. "ಇರೋದೇ ಬೇಡ ಅನ್ಸುತ್ತೆ ಮಿಸ್" ಅನ್ನುವ ಮಾತು ಬಂದರೆ ನಾನು ಗುಟ್ಟು ಕಾಯುವುದಿಲ್ಲ. ಅದನ್ನು ಆ ಮಗುವಿಗೂ ಮುಖಕ್ಕೇ ಹೇಳುತ್ತೇನೆ: ಇದನ್ನ ನಾನೊಬ್ಬಳೇ ಇಟ್ಟುಕೊಳ್ಳಲ್ಲ ಕಣೋ, ನಿನ್ನ ಪಕ್ಕ ಕೂತೇ ಮನೆಗೆ ಫೋನ್ ಮಾಡ್ತೀನಿ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿ ಹೇಳುತ್ತದೆ. ಅದನ್ನು ಓದಿದಮೇಲೆ ಈ ಮಾತನ್ನು ಸುಮ್ನೆ ಬೇಜಾರಿನ ಮಾತು ಅಂದುಕೊಳ್ಳುವ ಧೈರ್ಯ ನನಗಿಲ್ಲ. ನಾನು ಕನ್ನಡ ಮೇಷ್ಟ್ರು, ಡಾಕ್ಟರಲ್ಲ. 14416ಕ್ಕೆ ಫೋನ್ ಮಾಡುತ್ತೇನೆ. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳೇ ಮಾಡಬೇಕು ಅಂತಿಲ್ಲ. ಏನು ಮಾಡಬೇಕು ಅಂತ ತೋಚದ ಅಪ್ಪ ಅಮ್ಮನೂ ಮಾಡಬಹುದು. ನಮ್ಮ ರಾಜ್ಯದ ಜಿಲ್ಲಾ ಕೇಂದ್ರಗಳಲ್ಲಿ ಯುವ ಸ್ಪಂದನ ಅಂತ ಇದೆ, ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ನಡೆಸುವುದು. 15ರಿಂದ 35 ವರ್ಷದವರು ಹೋಗಿ ಮಾತಾಡಬಹುದು. ಇದೂ ಎಷ್ಟೋ ಮನೆಗೆ ಗೊತ್ತಿಲ್ಲ.

ಇನ್ನು, ನನ್ನ ಹತ್ತಿರ ಯಾಕೆ ಹೇಳುತ್ತಾರೆ? ನನ್ನಲ್ಲಿ ಯಾವ ವಿಶೇಷವೂ ಇಲ್ಲ. ಅವರು ಫೇಲಾದರೆ ನನಗೆ ಬೇಜಾರಾಗುತ್ತದೆ, ಆದರೆ ನಾನು ಊಟ ಬಿಡುವುದಿಲ್ಲ. ನೀವು ಬಿಡುತ್ತೀರಿ. ಅದು ಅವರಿಗೆ ಗೊತ್ತು. ನಿಮ್ಮ ಮುಖ ಬಾಡುವುದನ್ನು ನೋಡಲು ಆಗದೆ ಅವರು ಮುಚ್ಚಿಡುತ್ತಾರೆ. ನಂಬಿಕೆ ಇಲ್ಲದೆ ಮುಚ್ಚಿಡುವ ಮಕ್ಕಳೂ ಇದ್ದಾರೆ. ಆದರೆ ನಾನು ಜಾಸ್ತಿ ನೋಡಿದ್ದು ಈ ಬಗೆಯವರನ್ನೇ.

2023ರ ಒಂದು ಘಟನೆ ಹೇಳಬೇಕು. ಮೊದಲ ಪಿಯು ಸೈನ್ಸ್ ಹುಡುಗಿ. ಯಾರು ಅಂತ ಗುರುತು ಸಿಗದ ಹಾಗೆ ಬರೆಯುತ್ತೇನೆ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಎರಡೂ ಹೋಗಿತ್ತು. ಅಂಕಪಟ್ಟಿಗೆ ಅಪ್ಪನ ಸಹಿ ಹಾಕಿಸಿಕೊಂಡು ತಂದಿದ್ದಳು. ನಮ್ಮ ಫಿಸಿಕ್ಸ್ ಸರ್‌ಗೆ ಅನುಮಾನ ಬರಲಿಲ್ಲ. ನನಗೆ ಬಂತು. ಅಪ್ಪನ ಹೆಸರಿನ ಕೊನೆಗೆ 'ಪ್ಪ' ಇತ್ತು. ಆ ಒತ್ತಕ್ಷರವನ್ನು ಎಡಕ್ಕೆ ಎಳೆದು ಸಣ್ಣ ಬಾಲ ಬಿಡುವವಳು ಇಡೀ ಕ್ಲಾಸಿನಲ್ಲಿ ಅವಳೊಬ್ಬಳೇ. ಐದು ತಿಂಗಳಿಂದ ಅವಳ ನೋಟ್ಸ್ ತಿದ್ದಿದ್ದೆ.

ಕರೆದು ಕೂರಿಸಿಕೊಂಡೆ. ಹದಿನೈದು ನಿಮಿಷ ಬರೀ ಅಳು. ಆಮೇಲೆ ಹೇಳಿದಳು. ಕ್ಲಾಸಿನವರೆಲ್ಲ ಟ್ಯೂಷನ್ನಿಗೆ ಹೋಗುತ್ತಾರೆ, ಇವಳು ಹೋಗುತ್ತಿಲ್ಲ. ಮನೆಯಲ್ಲಿ ಕೇಳಿದರೆ ಕೊಡುತ್ತಿದ್ದರು. ಇವಳೇ "ಕಾಲೇಜಲ್ಲೇ ಚೆನ್ನಾಗಿ ಮಾಡ್ತಾರೆ, ಟ್ಯೂಷನ್ ಬೇಡ" ಅಂದಿದ್ದಾಳೆ. ಯಾಕೆ ಅಂದೆ.

"ಅಮ್ಮ ಗೌರಿ ಹಬ್ಬಕ್ಕೆ ಸರ ಹಾಕ್ಕೊಳ್ಳಲಿಲ್ಲ ಮಿಸ್."

ನಮ್ಮ ಕಡೆ ಮನೆ ನಡೆಯುವುದು ಕೊಬ್ಬರಿಯಿಂದ. ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹತ್ತು, ಹನ್ನೊಂದು ತಿಂಗಳು ಕಾಯುತ್ತಾರೆ. ಒಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಬಂದಮೇಲೆ ಸುಲಿದು ಮಾರುತ್ತಾರೆ. ಆ ವರ್ಷ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಕಟ್ಟಿತ್ತು. ತಿಪಟೂರು ಮಾರುಕಟ್ಟೆಯಲ್ಲಿ ರೇಟು ಮಾತ್ರ 8,000ದ ಆಸುಪಾಸಿಗೆ ಬಿದ್ದಿತ್ತು. ಒಂದು ವರ್ಷ ಅಟ್ಟ ಕಾದವನ ಕೈಗೆ ಖರ್ಚೂ ಹುಟ್ಟದ ಬೆಲೆ. ಇವರ ಮನೆಯಲ್ಲಿ ಸರ ಬ್ಯಾಂಕಿಗೆ ಹೋಗಿತ್ತು. ಮಗಳಿಗೆ ಗೊತ್ತಾಗಬಾರದು ಅಂತ ಅಪ್ಪ ಅಮ್ಮ ಇಬ್ಬರೂ ಮಾತಾಡಿಕೊಂಡಿದ್ದರು. ಮಗಳಿಗೆ ಎಲ್ಲಾ ಗೊತ್ತಿತ್ತು. ರೇಟು ಫೋನಿನಲ್ಲೇ ಬರುತ್ತದೆ, ಅಲ್ವಾ? ಕೊಬ್ಬರಿ ಹರಾಜಿನ ದಿನ ಅಪ್ಪ ಮನೆಗೆ ಬಂದು ಎಷ್ಟು ಅನ್ನ ಬಡಿಸಿಕೊಂಡ ಅನ್ನುವುದನ್ನೂ ಅವಳು ನೋಡುತ್ತಿದ್ದಳು.

ಈ ಸಲ ಅವಳನ್ನೇ ಕೇಳಿದೆ, ಅಪ್ಪನನ್ನು ಕರೆಸಲಾ ಅಂತ. ತುಂಬಾ ಹೊತ್ತಾದಮೇಲೆ ಹ್ಞೂಂ ಅಂದಳು. ಮರುದಿನ ಅಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಗಳು ಎಲ್ಲವನ್ನೂ ಅವರ ಮುಂದೆಯೇ ಹೇಳಿದಳು, ಸಹಿ ಹಾಕಿದ್ದನ್ನೂ. ಅವರು ಬಯ್ಯಲಿಲ್ಲ. ನನ್ನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. "ಅಲ್ಲ ಮೇಡಂನೋರೆ, ನಿಮ್ಮತ್ರ ಹೇಳಿದ್ದನ್ನ ನನ್ನತ್ರ ಹೇಳೋಕೆ ಏನಾಗಿತ್ತು ಇವಳಿಗೆ?"

ಆ ಕ್ಷಣಕ್ಕೆ ನನ್ನ ಬಾಯಿಂದ ಬಂದಿದ್ದು ಇಷ್ಟು. "ಸರ ಬ್ಯಾಂಕಲ್ಲಿದೆ ಅಂತ ನೀವು ಅವಳಿಗೆ ಹೇಳಿದ್ರಾ?"

ಹಾಗೆ ಕೇಳಬಾರದಿತ್ತೇನೋ. ಊರಿನಲ್ಲಿ ಮರ್ಯಾದೆಯಿಂದ ಬದುಕಿದ ಮನುಷ್ಯ, ನಾಲ್ಕು ಜನ ಮೇಷ್ಟ್ರ ಮುಂದೆ ತಲೆ ತಗ್ಗಿಸಿ ಕೂತರು. ಅದು ನನಗೆ ಇವತ್ತೂ ಚುಚ್ಚುತ್ತದೆ. ಆದರೆ ಕೇಳಿದ ಪ್ರಶ್ನೆ ತಪ್ಪಾಗಿರಲಿಲ್ಲ. ಅವಳು ಎಲ್ಲಿ ಕಲಿತಳು ಮುಚ್ಚಿಡುವುದನ್ನು? ಆ ಮನೆಯಲ್ಲೇ. ಕಷ್ಟ ಬಂದಾಗ ಬಾಯಿ ಮುಚ್ಚಿಕೊಂಡು, ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ನಡೆದುಕೊಳ್ಳುವುದು ಆ ಮನೆಯ ರೀತಿ. ಅವಳು ಅದನ್ನು ಅಚ್ಚುಕಟ್ಟಾಗಿ ಪಾಲಿಸಿದಳು.

ಅದಕ್ಕೇ, ತಂದೆತಾಯಿ ಬೇರೆ ಒಂದು ಪ್ರಶ್ನೆ ಕೇಳಲಿ ಅಂತ ನನಗೆ ಆಸೆ. "ಮೇಡಂ, ಮನೆ ಕಷ್ಟ ಮಕ್ಕಳಿಗೆ ಹೇಳಬಹುದಾ?" ಯಾರೂ ಕೇಳುವುದಿಲ್ಲ. ಹೇಳಬಾರದು ಅಂತ ಎಲ್ಲರೂ ಮೊದಲೇ ತೀರ್ಮಾನಿಸಿದ್ದಾರೆ. "ಓದೋ ಮಕ್ಕಳಿಗೆ ಯಾಕೆ ಟೆನ್ಷನ್?" ಅನ್ನುತ್ತಾರೆ. ಟೆನ್ಷನ್ ಹೇಗೂ ಇದೆ. ಗೊತ್ತಿರುವವರಿಗೆ ಗೊತ್ತಿಲ್ಲದ ಹಾಗೆ ಇರುವ ಕೆಲಸವೂ ಸೇರುತ್ತದೆ ಅಷ್ಟೇ.

ಹೇಳಿ. ಎಷ್ಟು ಸಾಲ ಇದೆ, ಎಲ್ಲಿ ಇದೆ, ಯಾವಾಗ ತೀರುತ್ತದೆ ಅಂತ ಸಂಖ್ಯೆ ಹಾಕಿ ಹೇಳಿ. ನಿನ್ನ ಓದಿಗೆ ಅಂತ ಇಷ್ಟು ಎತ್ತಿಟ್ಟಿದ್ದೇವೆ, ಅದನ್ನು ಮುಟ್ಟುವುದಿಲ್ಲ ಅಂತ ಹೇಳಿ. ಇಲ್ಲದಿದ್ದರೆ ಇಲ್ಲ ಅಂತಲೂ ಹೇಳಿ. ಹದಿನಾರು ವರ್ಷದವರು ತಡೆದುಕೊಳ್ಳುತ್ತಾರೆ. ಊಹೆ ಮಾಡುತ್ತಾ ಮಲಗುವುದು ಅದಕ್ಕಿಂತ ಕಷ್ಟ.

ಇಲ್ಲಿ ಒಂದು ಎಚ್ಚರ. ಹೇಳುವುದು ಬೇರೆ, ಮಗುವಿನ ತಲೆ ಮೇಲೆ ಸುರಿಯುವುದು ಬೇರೆ. ಗಂಡನ ಮೇಲಿನ ಸಿಟ್ಟನ್ನು ರಾತ್ರಿ ಪೂರ್ತಿ ಮಗಳ ಹತ್ತಿರ ತೋಡಿಕೊಳ್ಳುವ ಅಮ್ಮಂದಿರನ್ನು ನೋಡಿದ್ದೇನೆ. ಆ ಹುಡುಗಿಯರು ಬೆಳಿಗ್ಗೆ ಕ್ಲಾಸಿನಲ್ಲಿ ನಿದ್ದೆ ಮಾಡುತ್ತಾರೆ. "ನಿನಗೋಸ್ಕರವೇ ಇಷ್ಟೆಲ್ಲ ಮಾಡ್ತಿರೋದು" ಅನ್ನುವುದೂ ಹೇಳುವುದಲ್ಲ. ಅದು ಬಡ್ಡಿ ಲೆಕ್ಕ ಬರೆಯುವುದು.

ನಿಮ್ಮ ಮನೆಯಲ್ಲಿ ಹೇಗೆ ಅಂತ ಕೇಳುವವರೂ ಇದ್ದಾರೆ, ಸ್ವಲ್ಪ ಚುಚ್ಚಲಿಕ್ಕೇ. ಹೇಳುತ್ತೇನೆ. ನನ್ನ ಮಗ ನನಗೆ ಎಲ್ಲಾ ಹೇಳುವುದಿಲ್ಲ. ನನ್ನ ತಂಗಿಗೆ ಹೇಳುತ್ತಾನೆ. ಚಿಕ್ಕಮ್ಮನಿಗೆ ಫೋನ್ ಮಾಡಿ ಮಹಡಿ ಮೇಲೆ ಒಂದು ಗಂಟೆ ಓಡಾಡುತ್ತಾನೆ. ಮೊದಲ ಸಲ ಗೊತ್ತಾದಾಗ ಅತ್ತಿದ್ದೆ. ಈಗ ಸಮಾಧಾನ ಇದೆ. ನಾನು ಚಿಕ್ಕವಳಿದ್ದಾಗ ನನ್ನ ಮಾತೆಲ್ಲ ಅಜ್ಜಿಯ ಹತ್ತಿರ ಇತ್ತು. ಅಜ್ಜಿ ಏನೂ ಮಾಡುತ್ತಿರಲಿಲ್ಲ. ಅವರೆಕಾಯಿ ಬಿಡಿಸುತ್ತಾ "ಆಮೇಲೆ?" ಅನ್ನುತ್ತಿದ್ದಳು. ಸೋದರಮಾವನೋ ಅತ್ತೆಯೋ ಪಕ್ಕದ ಮನೆ ಅಕ್ಕನೋ, ಮಗುವಿನ ಮಾತಿಗೆ ಒಂದು ಕಿವಿ ಇದೆ ಅಂದರೆ ಅದನ್ನು ಮುಚ್ಚಿಸಬೇಡಿ. "ಮನೆ ವಿಷಯ ಯಾರತ್ರಾನೂ ಹೇಳ್ಬೇಡ" ಅಂತ ಹೇಳಿ ಬೆಳೆಸಿದ ಮಕ್ಕಳು ಮನೆಯವರ ಹತ್ತಿರವೂ ಹೇಳುವುದಿಲ್ಲ.

ಆ ಕೊಬ್ಬರಿ ಮನೆಯ ಹುಡುಗಿಯ ವಿಷಯ ಮುಗಿಸಿಬಿಡುತ್ತೇನೆ. ಅವತ್ತು ಅಪ್ಪ ಮಗಳು ಇಬ್ಬರೂ ಒಂದೇ ಬೈಕಿನಲ್ಲಿ ಮನೆಗೆ ಹೋದರು. ಆಮೇಲೆ ಮನೆಯಲ್ಲಿ ಏನು ಮಾತಾಯಿತೋ ನಾನು ಕೇಳಲಿಲ್ಲ. ಟ್ಯೂಷನ್ನಿಗೆ ಸೇರಲಿಲ್ಲ, ದುಡ್ಡಿರಲಿಲ್ಲ. ನಮ್ಮ ಫಿಸಿಕ್ಸ್ ಸರ್ ಸಂಜೆ ಅರ್ಧ ಗಂಟೆ ಕೂರಿಸಿಕೊಂಡರು. ಎರಡನೇ ಪಿಯುಗೆ ಬಂದಳು. ನನ್ನ ಹತ್ತಿರ ಬರುವುದು ಕಡಿಮೆಯಾಯಿತು.

2025ರ ಏಪ್ರಿಲ್ 8ಕ್ಕೆ ರಿಸಲ್ಟ್ ಬಂತು. ಮಧ್ಯಾಹ್ನದಿಂದ ನನ್ನ ಫೋನ್ ಸುಮ್ಮನಿರಲಿಲ್ಲ. ಪಾಸಾದವರು, ಅಳುವವರು, ಎಲ್ಲರೂ. ಅವಳ ಫೋನ್ ಮಾತ್ರ ಬರಲಿಲ್ಲ. ನನಗೆ ಹೆದರಿಕೆ ಶುರುವಾಯಿತು. ಸಂಜೆ ಅವಳ ಅಪ್ಪನ ಫೋನ್ ಬಂತು.

"ಮೇಡಂನೋರೆ, ಪಾಪುಗೆ ಫಿಸಿಕ್ಸ್ ಹೋಯ್ತಂತೆ. ಬೆಳಿಗ್ಗೆಯೇ ಹೇಳಿದ್ಲು, ಹೋಗೋದೇ ಅಪ್ಪಾ ಅಂತ. ಊಟ ಮಾಡಿದ್ದಾಳೆ, ಇಲ್ಲೇ ಕೂತಿದ್ದಾಳೆ. ಎರಡನೇ ಪರೀಕ್ಷೆಗೆ ಹೆಸರು ಕೊಡೋಕೆ ಯಾವತ್ತು ಬರಬೇಕು?"