ಉದ್ಯಾವರದಲ್ಲಿ ತುಂಡಾದ ಬೆಲ್ಟ್

ಫೆಬ್ರವರಿ 12, 2024, ಸೋಮವಾರ
ಕಾಪು

ನಮ್ಮ ತೆಂಗಿನ ತೋಟದಲ್ಲಿ ವ್ಯಾನ್ ನಿಲ್ಲಿಸಿಕೊಂಡಿರುವ ಜರ್ಮನ್ ಗಂಡ ಹೆಂಡತಿ ಬೆಳಿಗ್ಗೆ ಮಲ್ಪೆಗೆ ಹೊರಟಿದ್ದರು. ಸೇಂಟ್ ಮೇರೀಸ್ ದ್ವೀಪದ ಬೋಟು ಹಿಡಿಯಬೇಕು ಅಂತ. ಸ್ವಲ್ಪ ಹೊತ್ತಿಗೇ ಫೋನ್ ಬಂತು. ಉದ್ಯಾವರದ ಹತ್ತಿರ ಹೈವೇ ಬದಿಯಲ್ಲಿ ನಿಂತಿದ್ದಾರೆ. ಎಂಜಿನ್ ಕಾದಿದೆ, ಬ್ಯಾಟರಿಯ ಕೆಂಪು ದೀಪ ಉರಿಯುತ್ತಿದೆ. ಸ್ಕೂಟರ್ ಹತ್ತಿ ಹೊರಟೆ.

ದಾರಿಯುದ್ದಕ್ಕೂ ನನಗೆ ಹೆದರಿಕೆ. ಅವರದು ಮರ್ಸಿಡಿಸ್ 207 ಡಿ, 1980ರ ದಶಕದ ವ್ಯಾನ್. ಟರ್ಕಿ, ಇರಾನ್, ಪಾಕಿಸ್ತಾನ ದಾಟಿ ವಾಘಾ ಗಡಿಯಲ್ಲಿ ಒಳಗೆ ಬಂದದ್ದು. ಅಷ್ಟು ಹಳೇ ವಿದೇಶಿ ಗಾಡಿಗೆ ಇಲ್ಲಿ ಪಾರ್ಟ್ಸ್ ಎಲ್ಲಿ ಸಿಗಬೇಕು? ಕೆಟ್ಟಿತು ಅಂತ ಇಲ್ಲೇ ಬಿಟ್ಟು ವಿಮಾನ ಹತ್ತುವ ಹಾಗೂ ಇಲ್ಲ. ಕಾರ್ನೆ ಅಂತ ಒಂದು ಪುಸ್ತಕ ಇರುತ್ತದೆ. ಗಾಡಿ ದೇಶದೊಳಗೆ ಬರುವಾಗ ಅದರಲ್ಲಿ ಕಸ್ಟಮ್ಸ್‌ನವರ ಸೀಲು, ಹೊರಗೆ ಹೋಗುವಾಗ ಇನ್ನೊಂದು ಸೀಲು. ಎರಡನೆಯದು ಬೀಳದಿದ್ದರೆ ಸುಂಕ ಕಟ್ಟಬೇಕು. ಅವರ ಮುಖ ನೋಡಿದಾಗ ಅವರ ತಲೆಯಲ್ಲೂ ಅದೇ ಓಡುತ್ತಿದೆ ಅಂತ ಗೊತ್ತಾಯಿತು.

ಹತ್ತಿರದ ಗ್ಯಾರೇಜಿನ ಅಣ್ಣನನ್ನು ಕರೆದುಕೊಂಡು ಬಂದೆ. ಅವರು ಬಾನೆಟ್ ಎತ್ತಿ ನೋಡಿದರು. ಫ್ಯಾನ್ ಬೆಲ್ಟ್ ತುಂಡಾಗಿತ್ತು. ವಾಟರ್ ಪಂಪ್, ಡೈನಮೋ ಎರಡನ್ನೂ ತಿರುಗಿಸುವುದು ಅದೇ ಬೆಲ್ಟ್. ಹಾಗಾಗಿ ಬಿಸಿಯೂ ಏರಿತ್ತು, ಚಾರ್ಜೂ ನಿಂತಿತ್ತು. ಆದರೆ ಅಣ್ಣ ಬೆಲ್ಟ್ ಬಿಟ್ಟು ಎಂಜಿನ್ನನ್ನೇ ನೋಡುತ್ತಾ ನಿಂತರು.

"ಅಕ್ಕ, ಇದು ನಮ್ಮ ಟೆಂಪೋದ ಎಂಜಿನ್ ಅಲ್ವಾ ಮಾರಾಯ್ರೆ! ನಾನು ಕೆಲಸ ಕಲಿತದ್ದೇ ಇದರಲ್ಲಿ."

ಅವರು ಹೇಳಿದ್ದು ನಿಜ. ಮರ್ಸಿಡಿಸ್‌ನ ಒಎಂ 616 ಎಂಜಿನ್ನನ್ನು ಪುಣೆಯ ಬಜಾಜ್ ಟೆಂಪೋದವರು ಲೈಸೆನ್ಸ್ ಪಡೆದು ಇಲ್ಲೇ ಮಾಡುತ್ತಿದ್ದರು. ಈಗಿನ ಫೋರ್ಸ್ ಮೋಟರ್ಸ್ ಅದೇ ಕಂಪನಿ. ನಾವು ಮದುವೆ ದಿಬ್ಬಣಕ್ಕೆ, ಧರ್ಮಸ್ಥಳ ಸುಬ್ರಹ್ಮಣ್ಯಕ್ಕೆ ಬಾಡಿಗೆ ಹಿಡಿಯುತ್ತಿದ್ದ ಹಳೇ ಟ್ರಾವೆಲರ್ ಇದೆಯಲ್ಲ, ಅದು ಈ ಜರ್ಮನ್ ವ್ಯಾನಿನ ವಿನ್ಯಾಸದಿಂದಲೇ ಬಂದದ್ದು. ಇದನ್ನು ಹೇಳಿದಾಗ ಆ ಹೆಂಗಸಿನ ಕಣ್ಣಲ್ಲಿ ನೀರು ಬಂತು. ನನಗೂ ಗಂಟಲು ಕಟ್ಟಿತು. ಊರಿನ ಗ್ಯಾರೇಜುಗಳಲ್ಲಿ ಎಷ್ಟು ವಿದ್ಯೆ ಇದೆ ಅಂತ ನಮಗೇ ಸರಿಯಾಗಿ ಗೊತ್ತಿಲ್ಲ.

ಗ್ಯಾರೇಜಿನ ಹುಡುಗ ತುಂಡು ಬೆಲ್ಟ್ ಹಿಡಿದುಕೊಂಡು ಉಡುಪಿಗೆ ಹೋಗಿ ಎರಡು ಹೊಸದು ತಂದ, ಒಂದು ಹಾಕಲು, ಒಂದು ಇಟ್ಟುಕೊಳ್ಳಲು. ಅಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು. ರೇಡಿಯೇಟರಿಗೆ ನೀರು ತುಂಬಿ ಸ್ಟಾರ್ಟ್ ಮಾಡಿದರು. ಒಂದೇ ಸಲಕ್ಕೆ ಹತ್ತಿತು. ಕೂಲಿ ಎಷ್ಟು ಅಂದರೆ ಅಣ್ಣ ಹೇಳಿದ್ದು ಬಹಳ ಕಡಿಮೆ. ಅವರು ಒತ್ತಾಯ ಮಾಡಿ ಜಾಸ್ತಿ ಕೊಟ್ಟರು.

ವಾಪಸ್ ಬರುವಾಗ ನಾನು ಹಿಂದೆಯೇ ಬಂದೆ. ವ್ಯಾನಿನ ಸ್ಟೇರಿಂಗ್ ಎಡಗಡೆ. ಎಕ್ಸ್‌ಪ್ರೆಸ್ ಬಸ್ಸುಗಳ ನಡುವೆ ಲಾರಿ ದಾಟಬೇಕಾದರೆ ಬಲಗಡೆ ಕೂತ ಹೆಂಡತಿ ಕತ್ತು ಚಾಚಿ ನೋಡಿ ಹೇಳಬೇಕು. ಹಿಂದೊಮ್ಮೆ ಹೆಜಮಾಡಿ ಟೋಲಿನಲ್ಲಿ ದುಡ್ಡು ಕೊಟ್ಟದ್ದೂ ಆಕೆಯೇ ಅಂತೆ.

ಮಧ್ಯಾಹ್ನ ಗ್ಯಾಸಿನ ಕೆಲಸ. ಅವರ ಸಿಲಿಂಡರಿಗೆ ಎಡಕ್ಕೆ ತಿರುಗಿಸಿ ಬಿಗಿಯುವ ತಿರುಪು, ನಮ್ಮ ರೆಗ್ಯುಲೇಟರ್ ಮೇಲಿಂದ ಒತ್ತಿ ಕೂರಿಸುವಂಥದ್ದು. ಒಂದಕ್ಕೊಂದು ಸೇರುವುದಿಲ್ಲ. ಸುಮ್ನೆ ಏನೋ ಜೋಡಿಸುವುದು ಬೇಡ ಅಂತ 5 ಕೆ.ಜಿ.ಯ ಸಣ್ಣ ಸಿಲಿಂಡರ್, ಅದಕ್ಕೆ ಸರಿಯಾದ ಒಲೆ ತಂದೆವು. ಅಡುಗೆ ಇನ್ನು ವ್ಯಾನಿನ ಹೊರಗೆ, ತೆಂಗಿನ ಮರದ ಬುಡದಲ್ಲಿ. ಟ್ಯಾಂಕಿಗೆ ಬಾವಿ ನೀರು ತುಂಬಿಸಿದ್ದಾಯಿತು. ಬಟ್ಟೆ ಅಮ್ಮನ ಜೊತೆ ಒಗೆಯುವ ಕಲ್ಲಿನ ಮೇಲೆ.

ಡೈನಮೋದ ಬೇರಿಂಗ್ ಸಣ್ಣಗೆ ಸದ್ದು ಮಾಡುತ್ತಿದೆ, ಗೋವಾ ಕಡೆ ಹೋಗುವ ಮೊದಲು ಬದಲಿಸಿ ಅಂದಿದ್ದಾರೆ ಅಣ್ಣ. ನಾಳೆ ಇವರು ದ್ವೀಪಕ್ಕೆ ಹೋದ ಮೇಲೆ ಉಡುಪಿಗೆ ಹೋಗಿ ಕೇಳಿಕೊಂಡು ಬರಬೇಕು.