ಪಿತ್ತನಾಳದ ಕಾಯಿಲೆಗೆ ಯಾವ ಪ್ರೊಬಯಾಟಿಕ್ ತಗೊಳ್ಳಬೇಕು?

ಲಿವರ್ ಬಗ್ಗೆ ಏನೇ ಬರೆದರೂ ಕೊನೆಗೆ ಬರುವ ಪ್ರಶ್ನೆ ಇದೇ: "ಲಿವರ್, ಪಿತ್ತನಾಳದ ಕಾಯಿಲೆಗೆಲ್ಲ ಕರುಳಿನ ಬ್ಯಾಕ್ಟೀರಿಯಾನೇ ಕಾರಣವಂತೆ. ಹಾಗಾದ್ರೆ ಯಾವ ಪ್ರೊಬಯಾಟಿಕ್ ತಗೊಳ್ಳಬೇಕು?" ಬ್ಯಾಕ್ಟೀರಿಯಾದ ಮಾತು ಪೂರ್ತಿ ಸುಳ್ಳಲ್ಲ. ಆದರೆ ಪ್ರೊಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದು ಅಂತ ಮಾರುವ ಜೀವಂತ ಬ್ಯಾಕ್ಟೀರಿಯಾದ ಮಾತ್ರೆ, ಪುಡಿಗಳ ವಿಷಯದಲ್ಲಿ ನನ್ನ ಉತ್ತರ: ಸದ್ಯಕ್ಕೆ ಯಾವುದೂ ಇಲ್ಲ.

ಲಿವರ್‌ಗೆ ಬರುವ ರಕ್ತದಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ರಕ್ತನಾಳದಲ್ಲಿ ಬರುತ್ತದೆ. ಕರುಳಿನ ಗೋಡೆ ಸಡಿಲವಾದರೆ ಬ್ಯಾಕ್ಟೀರಿಯಾ, ಅವುಗಳ ಚೂರುಪಾರು ಮೊದಲು ತಲುಪುವುದು ಲಿವರನ್ನೇ. ಲಿವರ್ ಕೂಡ ಸುಮ್ನೆ ಕೂತಿಲ್ಲ, ಪಿತ್ತರಸವನ್ನು ಕರುಳಿಗೆ ಕಳಿಸುತ್ತಿರುತ್ತದೆ. ಅದರಲ್ಲಿರುವ ಪಿತ್ತಾಮ್ಲಗಳಲ್ಲಿ ಸುಮಾರು 95% ಮತ್ತೆ ಲಿವರ್‌ಗೆ ವಾಪಸ್ಸಾಗುತ್ತವೆ. ನಡುವೆ ಬ್ಯಾಕ್ಟೀರಿಯಾಗಳು ಅವುಗಳಲ್ಲಿ ಕೆಲವನ್ನು ಬೇರೆ ರೂಪಕ್ಕೆ ತಿರುಗಿಸಿರುತ್ತವೆ.

ಇದೆಲ್ಲ ಹೆಚ್ಚು ಚರ್ಚೆಗೆ ಬಂದಿರುವುದು ಪ್ರೈಮರಿ ಸ್ಕ್ಲಿರೋಸಿಂಗ್ ಕೊಲಾಂಜೈಟಿಸ್, ಅಂದರೆ ಪಿಎಸ್‌ಸಿ ಎಂಬ ಕಾಯಿಲೆಯಲ್ಲಿ. ಇದರಲ್ಲಿ ಪಿತ್ತನಾಳಗಳು ಊದಿಕೊಂಡು, ಗಾಯದ ಕಲೆ ಕಟ್ಟಿ, ಅಲ್ಲಲ್ಲಿ ಕಿರಿದಾಗುತ್ತವೆ. ಈ ಕಾಯಿಲೆ ಇರುವ ಬಹಳ ಜನಕ್ಕೆ ದೊಡ್ಡ ಕರುಳಿನಲ್ಲೂ ಅಲ್ಸರೇಟಿವ್ ಕೊಲೈಟಿಸ್, ಅಂದರೆ ಊತ, ಹುಣ್ಣಿನ ಕಾಯಿಲೆ ಇರುತ್ತದೆ. ಕರುಳಿನ ಮೇಲೆ ಅನುಮಾನ ಬಂದದ್ದು ಇಲ್ಲಿಂದಲೇ.

2019ರಲ್ಲಿ ಜಪಾನಿನ ವಿಜ್ಞಾನಿಗಳು ಪಿಎಸ್‌ಸಿ ರೋಗಿಗಳ ಮಲದಲ್ಲಿನ ಸೂಕ್ಷ್ಮಜೀವಿಗಳನ್ನು, ಒಂದೂ ಸೂಕ್ಷ್ಮಜೀವಿ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಕೊಟ್ಟರು. ಅವುಗಳಲ್ಲಿದ್ದ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾ ಕರುಳಿನ ಗೋಡೆಗೆ ತೂತು ಮಾಡಿತು. ಅದರ ಜೊತೆ ಇನ್ನೆರಡು ಬ್ಯಾಕ್ಟೀರಿಯಾಗಳೂ ಸೇರಿ ಲಿವರ್‌ನಲ್ಲಿ ರೋಗನಿರೋಧಕ ಕಣಗಳನ್ನು ಕೆರಳಿಸಿದವು. ಕಳ್ಳ ಸಿಕ್ಕಿಬಿದ್ದ ಅಂತ ಅನ್ನಿಸುತ್ತೆ, ಅಲ್ವಾ?

ಆದರೆ 2016ರಲ್ಲೇ ಇನ್ನೊಂದು ಪ್ರಯೋಗ ನಡೆದಿತ್ತು. ಜೀನ್ ದೋಷದಿಂದ ಪಿಎಸ್‌ಸಿಯಂಥ ಕಾಯಿಲೆ ಬರುವ ಇಲಿಗಳನ್ನು ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದರು. ಕಾಯಿಲೆ ಕಡಿಮೆಯಾಗುವ ಬದಲು ಜಾಸ್ತಿಯಾಯಿತು! ಬ್ಯಾಕ್ಟೀರಿಯಾಗಳಿಂದಲೇ ತಯಾರಾಗಬೇಕಾದ ಪಿತ್ತಾಮ್ಲಗಳು ಆ ಇಲಿಗಳಲ್ಲಿ ಇರಲಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದೇ ಮುಖ್ಯವಾದದ್ದು. ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಅನ್ನುವ ಜಾಹೀರಾತಿನ ಭಾಷೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮನುಷ್ಯರ ಮೇಲೆ ಏನೂ ಮಾಡಿಲ್ಲವೇ ಅಂದರೆ, ಮಾಡಿದ್ದಾರೆ. ಬಾಯಿಯ ಮೂಲಕ ಕೊಡುವ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್‌ನಿಂದ ಕೆಲವು ಪಿಎಸ್‌ಸಿ ರೋಗಿಗಳ ರಕ್ತಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ (ಪಿತ್ತನಾಳಕ್ಕೆ ತೊಂದರೆಯಾದಾಗ ಏರುವ ಕಿಣ್ವ) ಇಳಿದಿದೆ. ಅವೆಲ್ಲ ಸಣ್ಣ ಅಧ್ಯಯನಗಳು. ರಿಪೋರ್ಟಿನ ಅಂಕಿ ಇಳಿದ ಮಾತ್ರಕ್ಕೆ ಲಿವರ್ ಕಸಿ ತಪ್ಪಿತು ಅಂತ ಅಲ್ಲ. ಆರೋಗ್ಯವಂತರ ಮಲದ ಬ್ಯಾಕ್ಟೀರಿಯಾವನ್ನು ರೋಗಿಗೆ ಕೊಡುವ ಚಿಕಿತ್ಸೆಯನ್ನೂ ಪಿಎಸ್‌ಸಿಯಲ್ಲಿ 10 ಜನರ ಮೇಲೆ ನೋಡಿದ್ದಾರೆ. 3 ಜನರಲ್ಲಿ ಅದೇ ಅಂಕಿ ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂತು. ಕುತೂಹಲ ಹುಟ್ಟಿಸುತ್ತದೆ, ಅಷ್ಟೇ.

ಕರುಳಿನ ಮೂಲಕ ಲಿವರ್ ರೋಗಿಗೆ ನಿಜಕ್ಕೂ ಸಹಾಯವಾಗುವ ಜಾಗ ಬೇರೆ ಇದೆ. ಸಿರೋಸಿಸ್ ಆದವರಿಗೆ, ಅಂದರೆ ಲಿವರ್ ತುಂಬ ಗಾಯದ ಕಲೆ ಕಟ್ಟಿ ಗಟ್ಟಿಯಾದವರಿಗೆ, ರಕ್ತದಲ್ಲಿ ಅಮೋನಿಯಾದಂಥ ವಿಷಗಳು ಏರಿ ಮಂಪರು, ಗೊಂದಲ ಬರುವುದುಂಟು. ಅದಕ್ಕೆ ಕೊಡುವ ಲ್ಯಾಕ್ಟುಲೋಸ್ ಸಿರಪ್ಪನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ಆಮ್ಲ ಮಾಡುತ್ತವೆ. ಆಗ ಅಮೋನಿಯಾ ರಕ್ತಕ್ಕೆ ಸೇರದೆ ಮಲದಲ್ಲಿ ಹೋಗುತ್ತದೆ. ಜೊತೆಗೆ ರಿಫಾಕ್ಸಿಮಿನ್ ಎಂಬ ಆ್ಯಂಟಿಬಯಾಟಿಕ್ ಕೊಡುವುದೂ ಇದೆ. ಸಿರಪ್ ಕುಡಿದರೆ ಭೇದಿಯಾಗುತ್ತದೆ ಅಂತ ನಿಲ್ಲಿಸುವವರಿದ್ದಾರೆ. ಹಾಗೆ ಮಾಡಬೇಡಿ, ಡೋಸ್ ಹೊಂದಿಸಲು ಡಾಕ್ಟರಿಗೆ ಹೇಳಿ.

ಇಷ್ಟಾದ ಮೇಲೂ "ಪ್ರೊಬಯಾಟಿಕ್ ತಗೊಂಡ್ರೆ ನಷ್ಟವೇನು?" ಅಂತ ಕೇಳುತ್ತಾರೆ. ಕಸಿ ಆಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿರುವವರಿಗೆ, ಸಿರೋಸಿಸ್ ತುಂಬಾ ಮುಂದುವರಿದವರಿಗೆ ಆ ಬ್ಯಾಕ್ಟೀರಿಯಾವೇ ಅಪರೂಪಕ್ಕೆ ರಕ್ತಕ್ಕೆ ಸೇರಿ ಸೋಂಕು ಮಾಡಬಹುದು. ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಪಿಎಸ್‌ಸಿ ಜೊತೆ ಕೊಲೈಟಿಸ್ ಕೂಡ ಇದ್ದರೆ ಕರುಳಿನ ಕ್ಯಾನ್ಸರ್ ಸಾಧ್ಯತೆ ಹೆಚ್ಚು, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಲು ಹೇಳುತ್ತಾರೆ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಮೊದಲು ಅದರ ದಿನಾಂಕ ಕೇಳಿ.